ಕರಡಿ ಬಾಯಿಯ ನೀರು

ಆ ದಿನಗಳಲ್ಲಿ ಬೆಟಗೇರಿಯ ನಮ್ಮ ಓಣಿಗೆ ನೀರು ಎಂಟು ದಿನಕ್ಕೊಮ್ಮೆ ಬರುತ್ತಿತ್ತು, ಅದೂ ಒಂದು ಕರಡಿಯ ಬಾಯಿಂದ. ಬರೆದು ನೋಡಿದರೆ ವಾಕ್ಯ ಚೆಂದವಾಗಿಯೇ ಕಾಣುತ್ತದೆ. ಓದುವ ನಿಮಗೂ ನಿಮ್ಮ ಊರಿನ ಯಾವುದೋ ನಳ, ಯಾವುದೋ ಬಾವಿಕಟ್ಟೆ ನೆನಪಾಗಿ ಮನಸ್ಸು ಮೆತ್ತಗಾಗುತ್ತಿರಬಹುದು. ನನಗೆ ಹಾಗಾಗುವುದಿಲ್ಲ. ನನಗೆ ಮೊದಲು ನೆನಪಾಗುವುದು ಆ ಕರಡಿಯ ಗದ್ದಕ್ಕೆ ಅಂಟಿಕೊಂಡಿದ್ದ ಪಾಚಿ. ಅದರ ಮುಂಗಾಲುಗಳ ನಡುವೆ ಕೊಡ ತಿಕ್ಕಿದ ಬೂದಿ, ತೆಂಗಿನ ನಾರು, ಯಾರೋ ಕ್ಯಾಕರಿಸಿ ಉಗಿದ ಕಫ, ಎಲೆಅಡಿಕೆಯ ಕೆಂಪು ರಸ ಎಲ್ಲ ಸೇರಿ ಆದ ಕೆಸರು. ಬಾಯೊಳಗಿನ ಕೊಳವೆ ಸೋರಬಾರದೆಂದು ಹಳೆಯ ಸೀರೆಯ ಚೂರೊಂದನ್ನು ಸುತ್ತಿದ್ದರು. ಅದು ಯಾವ ಬಣ್ಣದ ಸೀರೆ ಎಂದು ಯಾರೂ ಹೇಳಲಾರದಷ್ಟು ಕಪ್ಪಾಗಿ, ನಾಲಗೆಯ ಹಾಗೆ ಹೊರಗೆ ಜೋತುಬಿದ್ದಿತ್ತು. ಆ ನಾಲಗೆಯ ಮೇಲಿಂದ ಬಿದ್ದ ನೀರನ್ನು ನಾವು ಎಂಟು ದಿನ ಇಟ್ಟುಕೊಂಡು ಕುಡಿಯುತ್ತಿದ್ದೆವು.

ಅದು ಕರಡಿಯಾಗಬೇಕಾದದ್ದಲ್ಲ. ಎಪ್ಪತ್ತರ ದಶಕದ ನಡುವೆ ಓಣಿಗೆ ನಳ ಬಂದಾಗ ಹತ್ತಿ ವ್ಯಾಪಾರದ ಹಿರಿಯರೊಬ್ಬರು, ಬರೀ ಕೊಳವೆ ನಿಂತರೆ ಓಣಿಯ ಮಾನ ಏನುಳಿಯಿತು ಎಂದು, ಅದಕ್ಕೊಂದು ಪ್ರಾಣಿ ಮಾಡಿಸಲು ಹೊರಟರಂತೆ. ಎತ್ತು ಬೇಡವೆಂದರು, ಬಸವಣ್ಣನ ಎಂಜಲು ಕುಡಿದ ಹಾಗಾಗುತ್ತದೆ. ಆನೆಗೆ ಸಿಮೆಂಟು ಬಹಳ ಬೇಕು. ಕೊನೆಗೆ ಸಿಂಹ ಎಂದಾಯಿತು. ಕೆಲಸ ಹಿಡಿದ ಈರಪ್ಪ ಗೌಂಡಿ ಗೋಡೆ, ಬಚ್ಚಲು, ತುಳಸಿಕಟ್ಟೆ ಕಟ್ಟಿದವನೇ ಹೊರತು ಸಿಂಹ ಕಟ್ಟಿದವನಲ್ಲ. ಅವನು ಬಿಂಕದಕಟ್ಟಿಯ ಮೃಗಾಲಯಕ್ಕೆ ಹೋಗಿ ಪ್ರಾಣಿಗಳನ್ನು ನೋಡಿ ಬಂದು ಶುರುಮಾಡಿದ ಎಂದು ಒಬ್ಬರು ಹೇಳುತ್ತಾರೆ, ಓಣಿ ದಾಟಲೇ ಇಲ್ಲ ಎಂದು ಇನ್ನೊಬ್ಬರು. ಕೊಳವೆ ಮೊಣಕಾಲೆತ್ತರಕ್ಕಿದ್ದುದರಿಂದ ಸಿಂಹದ ತಲೆಯನ್ನು ಕೆಳಗೆ ಬಗ್ಗಿಸಿ ಹಿಂಭಾಗವನ್ನು ಮೇಲೆತ್ತಬೇಕಾಯಿತು. ಹಸಿ ಸಿಮೆಂಟಿನ ಮೇಲೆ ಕಡ್ಡಿ ಕಸಬರಿಗೆಯಿಂದ ಗೀರಿ ಕೇಸರ ಮೂಡಿಸತೊಡಗಿದವನಿಗೆ ಅದು ಎಲ್ಲಿ ನಿಲ್ಲಬೇಕು ಎಂಬುದು ತಿಳಿಯಲಿಲ್ಲ. ಕತ್ತಾಯಿತು, ಹೆಗಲಾಯಿತು, ಹೊಟ್ಟೆಯಾಯಿತು, ಬಾಲದ ಬುಡದವರೆಗೂ ಕೂದಲು ಬಂತು. ಅದೂ ಉಲ್ಟಾ, ಹಿಂದಿನಿಂದ ಮುಂದಕ್ಕೆ ಎಳೆದ ಗೀರುಗಳು. ಸಿಮೆಂಟು ಆರಿದ ಮೇಲೆ ನೋಡಿದರೆ ಉದ್ದ ಬಾಲದ, ಬಾಲಕ್ಕೆ ಗೊಂಡೆಯಿದ್ದ ಒಂದು ಕರಡಿ, ಕುಂಡಿ ಮೇಲೆ ಮಾಡಿ ಮಣ್ಣು ಮೂಸುತ್ತಿತ್ತು. ಮಳೆ ಬಂದರೆ ಬೆನ್ನ ಮೇಲಿನ ನೀರೆಲ್ಲ ಆ ಗೀರುಗಳಲ್ಲಿ ಇಳಿದು ಅದರ ಗದ್ದದಿಂದ ತೊಟ್ಟಿಕ್ಕುತ್ತಿತ್ತು. ಹಿರಿಯರು ಅವತ್ತು ಊಟ ಮಾಡಲಿಲ್ಲವಂತೆ. ಈರಪ್ಪ ಮಾತ್ರ ಸಾಯುವವರೆಗೂ ಅದು ಸಿಂಹವೇ, ನೋಡುವವರ ಕಣ್ಣು ನೆಟ್ಟಗಿಲ್ಲ ಎನ್ನುತ್ತಿದ್ದ.

ಮೊದಮೊದಲು ಬೇರೆ ಓಣಿಯವರು ನಕ್ಕರು. ಎರಡು ವರ್ಷದಲ್ಲಿ ನಮ್ಮವರು ಅದನ್ನೇ ಹೆಮ್ಮೆ ಮಾಡಿಕೊಂಡರು. ಕರಿ ಬಣ್ಣ ಬಳಿದರು. ಗದಗ ಸ್ಟೇಶನ್ನಿನ ಟಾಂಗಾದವರಿಗೆ ‘ಕರಡಿ ನಳ’ ಎಂದರೆ ಸಾಕಾಯಿತು. ಲಗ್ನಪತ್ರಿಕೆಗಳಲ್ಲಿ ವಿಳಾಸದ ಜಾಗದಲ್ಲಿ ಅದು ಬಂತು. ಆಮೇಲೆ ಯಾರೋ ಅದರ ಹಣೆಗೆ ಕುಂಕುಮ ಇಟ್ಟರು. ಇಟ್ಟವಳು ಪಾರವ್ವ ಇರಬೇಕು.

ಪಾರವ್ವ ನಮ್ಮ ಎದುರು ಮನೆಯವಳು, ಮಗ್ಗದ ಮನೆಗಳಿಗೆ ನೂಲು ಸುತ್ತಿಕೊಡುತ್ತಿದ್ದ ವಿಧವೆ. ನಳದ ಪಾಳಿ ಅವಳ ಕೈಯಲ್ಲಿತ್ತು. ನೀರು ಬರುವ ದಿನ ಯಾರ ಕೊಡ ಯಾರ ಹಿಂದೆ ಎಂಬುದನ್ನು ಅವಳೇ ಹೇಳಬೇಕು, ಹೇಳಿದ ಮೇಲೆ ಅದು ಮುಗಿಯಿತು. ಆಗೆಲ್ಲ ಕರಡಿ ಆಡಿಸುವವರು ವರ್ಷಕ್ಕೊಮ್ಮೆ ಬರುತ್ತಿದ್ದರು. ಅಂಜಿಕೊಂಡ ಮಕ್ಕಳನ್ನು ಅವರ ಕರಡಿಯ ಬೆನ್ನ ಮೇಲೆ ಕೂರಿಸಿ ಇಳಿಸುವುದು, ಅದರ ಎರಡು ಕೂದಲನ್ನು ತಾಯಿತದಲ್ಲಿ ಹಾಕಿ ಕಟ್ಟುವುದು ನಮ್ಮ ಕಡೆ ಎಲ್ಲರೂ ಮಾಡುತ್ತಿದ್ದದ್ದು. ಒಂದು ವರ್ಷ ಅವರು ಬರಲಿಲ್ಲ. ನಾಯಿ ಕಂಡರೆ ನಡುಗುತ್ತಿದ್ದ ಒಬ್ಬ ಹುಡುಗನ ತಾಯಿ ಅಳುತ್ತ ಕೂತಾಗ ಪಾರವ್ವ, ಸಿಮೆಂಟಿನದಾದರೇನು, ಇದರ ಮೇಲೆ ಕೂರಿಸು ಎಂದಳು. ಯಾರೋ ಕಿಸಕ್ಕೆಂದರು. ಅದಕ್ಕೆ ಅವಳು ಹೇಳಿದ್ದನ್ನು ಓಣಿ ಆಮೇಲೆ ಗಾದೆಯ ಹಾಗೆ ಆಡಿಕೊಳ್ಳುತ್ತಿತ್ತು:

“ಉಸರಾಡಿದ್ರ ಅಷ್ಟ ಕರಡಿ ಏನು? ಗುಡ್ಯಾಗಿನ ಬಸವಣ್ಣ ಉಸರಾಡತಾನೇನು?”

ಹುಡುಗನ ಅಂಜಿಕೆ ಹೋಯಿತು. ಅವನನ್ನು ಅಟ್ಟಿಸಿಕೊಂಡು ಬರುತ್ತಿದ್ದ ನಾಯಿ ಅದೇ ವಾರ ಲಾರಿಗೆ ಸಿಕ್ಕಿ ಸತ್ತಿತ್ತು, ಅದನ್ನು ಯಾರೂ ಲೆಕ್ಕಕ್ಕೆ ಹಿಡಿಯಲಿಲ್ಲ. ಅಂದಿನಿಂದ ಅದು ಕರಡೆಪ್ಪ.

ಪದ್ಧತಿ ತಾನಾಗಿಯೇ ಬೆಳೆಯಿತು. ಮಗುವನ್ನು ಬಾಲದ ಕಡೆ ಮುಖ ಮಾಡಿ ಕೂರಿಸಬೇಕು. ತಲೆಗೂದಲು ಬಿಚ್ಚಿರಬೇಕು. ಕರಡಿಯ ಬಾಯಿಂದ ಬೀಳುವ ನೀರನ್ನೇ ಮೂರು ಬೊಗಸೆ ತಲೆಗೆ ಹೊಯ್ಯಬೇಕು, ಆದ್ದರಿಂದ ನೀರು ಬರುವ ದಿನವೇ, ಅಂದರೆ ಇಡೀ ಓಣಿ ಕೊಡ ಹಿಡಿದು ನಿಂತಿರುವಾಗಲೇ ಇದು ನಡೆಯಬೇಕು. ಮತ್ತು ಮಗು ತನ್ನ ತೊಂದರೆಯನ್ನು ತಾನೇ ಬಾಯಿಬಿಟ್ಟು ಮೂರು ಸಲ ಹೇಳಬೇಕು, ಪಾಳಿಯ ಕೊನೆಯ ಕೊಡದವರಿಗೂ ಕೇಳಿಸುವ ಹಾಗೆ. ಮುಚ್ಚಿಟ್ಟದ್ದನ್ನು ಕರಡೆಪ್ಪ ತಗೊಳ್ಳುವುದಿಲ್ಲ ಎಂದು ಪಾರವ್ವನ ನಿಯಮ.

ನನಗೆ ಹತ್ತು ವರ್ಷ. ನಾನು ಹಾಸಿಗೆಯಲ್ಲಿ ಉಚ್ಚೆ ಹೊಯ್ದುಕೊಳ್ಳುತ್ತಿದ್ದೆ.

ಇದು ಅವ್ವನಿಗೆ, ಅಕ್ಕನಿಗೆ, ಅಪ್ಪನಿಗೆ ಬಿಟ್ಟರೆ ಯಾರಿಗೂ ಗೊತ್ತಿರಲಿಲ್ಲ. ಅಪ್ಪ ಪ್ರಾಥಮಿಕ ಶಾಲೆಯ ಮಾಸ್ತರು. ನನ್ನ ವರ್ಗಕ್ಕೂ ಬರುತ್ತಿದ್ದರು, ಉಗುರು ನೋಡುತ್ತಿದ್ದರು, ಕಿವಿಯ ಹಿಂದೆ ನೋಡುತ್ತಿದ್ದರು, ಕೊಳಕಿದ್ದವರನ್ನು ಬೆಂಚಿನ ಮೇಲೆ ನಿಲ್ಲಿಸುತ್ತಿದ್ದರು. ನೀರನ್ನು ಕುದಿಸಿ ಆರಿಸಿ ಸೋಸಿ ಕುಡಿಯಬೇಕು ಎಂದು ನಮ್ಮಿಂದ ಒಕ್ಕೊರಲಿನಲ್ಲಿ ಹೇಳಿಸುತ್ತಿದ್ದರು. ಇಂಥವರ ಮಗಳು ಪ್ರತಿ ಬೆಳಿಗ್ಗೆ ಏಳುವಾಗ ತನ್ನ ವಾಸನೆಯಿಂದಲೇ ಎಚ್ಚರವಾಗುತ್ತಿದ್ದಳು. ಅವ್ವ ನನ್ನ ಕೌದಿಯನ್ನು ಬೇರೆ ಇಟ್ಟಿದ್ದಳು. ಅವಳು ಬೈಯುತ್ತಿರಲಿಲ್ಲ. ಮೂಗಿನ ಹೊಳ್ಳೆ ಒಂದು ಸಲ ಅರಳಿಸಿ, ಕೌದಿಯನ್ನು ಸುತ್ತಿ, ಬಗಲಲ್ಲಿ ಇಟ್ಟುಕೊಂಡು ಹಿತ್ತಿಲಿಗೆ ಹೋಗುತ್ತಿದ್ದಳು. ಆ ಹೊಳ್ಳೆ ಅರಳಿದ್ದು ನನಗೆ ಇವತ್ತಿಗೂ ಕಾಣುತ್ತದೆ. ಅವ್ವನ ಮುಖದಲ್ಲಿ ಉಳಿದದ್ದೆಲ್ಲ ಮಸುಕಾಗಿದೆ.

ಬಿಸಿಲಿರುವ ತನಕ ಹೀಗೆ ನಡೆಯಿತು. ಆ ವರ್ಷ ಆಷಾಢದಲ್ಲಿ ಜಿಟಿಜಿಟಿ ಮಳೆ ಹಿಡಿದು ಕುಳಿತಿತು. ಕೌದಿ ಹಿತ್ತಿಲಲ್ಲಿ ಒಣಗುವಂತಿಲ್ಲ, ಮನೆಯೊಳಗೆ ಒಲೆಯ ಹತ್ತಿರ ಜೋಳದ ಚೀಲಗಳ ಮೇಲೆ ಹರವಬೇಕು. ನಾಗರಪಂಚಮಿ ಹತ್ತಿರ ಬಂದಿತ್ತು. ಒಲೆಯ ಮೇಲೆ ಜೋಳದ ಅಳ್ಳು ಹುರಿಯುವ ಘಮ, ಎಳ್ಳು, ಬೆಲ್ಲದ ಪಾಕ, ಹುರಿದ ಶೇಂಗಾ. ಅದರ ಪಕ್ಕದಲ್ಲಿ ಬಿಸಿಗೆ ಆವಿಯೇಳುತ್ತಿದ್ದ ನನ್ನ ಕೌದಿ. ಪಂಚಮಿ ಎಂದರೆ ಜೋಕಾಲಿ, ಲಿಂಬೆಹಣ್ಣು ಒಗೆಯುವ ಪಂದ್ಯ, ಉಂಡಿ ಎಂದು ಎಲ್ಲರೂ ಬರೆಯುತ್ತಾರೆ. ನನ್ನ ಮೂಗಿನಲ್ಲಿ ಪಂಚಮಿ ಎಂದರೆ ಬೆಲ್ಲ ಮತ್ತು ಉಚ್ಚೆ ಒಂದೇ ಒಲೆಯಲ್ಲಿ ಕಾಯುವ ವಾಸನೆ.

ಲಕ್ಷ್ಮೇಶ್ವರದ ಅತ್ತಿ, ಅಪ್ಪನ ತಂಗಿ, ಹಬ್ಬಕ್ಕೆ ಅಕ್ಕನನ್ನೂ ನನ್ನನ್ನೂ ಕರೆದಿದ್ದಳು. ಅವಳ ಮನೆಯಲ್ಲಿ ಹೊಸ ಗಾದಿಗಳಿದ್ದವು. ಅವ್ವ ಹೂಂ ಎನ್ನಲೂ ಆರದೆ ಉಹೂಂ ಎನ್ನಲೂ ಆರದೆ ದಿನ ದೂಡುತ್ತಿದ್ದಾಗ ಒಂದು ಮಧ್ಯಾಹ್ನ ಪಾರವ್ವ ಈಳಿಗೆ ಕೇಳಲು ಒಳಗೆ ಬಂದಳು. ಈಳಿಗೆ ಕೈಗೆ ಕೊಟ್ಟರೂ ಹೋಗಲಿಲ್ಲ. ಚೀಲಗಳ ಕಡೆ ಮುಖ ಮಾಡಿ ಕುಳಿತು, ಒಂದೆರಡು ಸಲ ಉಸಿರೆಳೆದುಕೊಂಡಳು.

“ಏನವಾ, ಮನ್ಯಾಗ ಬೆಕ್ಕು ಮರಿ ಹಾಕೈತೇನು?”

ಅವ್ವ ಸುಳ್ಳು ಹೇಳಬಹುದಿತ್ತು. ಹೂಂ, ಹಾಕಿದೆ ಎನ್ನಬಹುದಿತ್ತು. ಅವಳು ಅಳತೊಡಗಿದಳು. ನಾನು ಅಡುಗೆಮನೆಯ ಬಾಗಿಲ ಹಿಂದೆ ಒಂದು ಉಂಡಿ ಕೈಯಲ್ಲಿ ಹಿಡಿದು ನಿಂತಿದ್ದೆ, ಅದು ಬೆವರಿಗೆ ಕರಗಿ ಬೆರಳಿಗೆ ಅಂಟಿತು. ಹೊರಗೆ ಇಬ್ಬರೂ ಮೆಲ್ಲಗೆ ಮಾತಾಡಿದರು. ಬರುವ ನೀರಿನ ದಿನ ಎಂದು ನಿಶ್ಚಯವಾಯಿತು.

ನಾನು ಕೈಕಾಲು ಹಿಡಿದೆ. ದಿನಾ ಎಚ್ಚರವಿರುತ್ತೇನೆ, ನೀರೇ ಕುಡಿಯುವುದಿಲ್ಲ, ನೆಲದ ಮೇಲೆ ಮಲಗುತ್ತೇನೆ ಎಂದೆ. ಕೂರುವುದಕ್ಕೆ ನಾನು ಅಂಜಿರಲಿಲ್ಲ, ಹೇಳುವುದಕ್ಕೆ ಅಂಜಿದ್ದೆ. ಪಾಳಿಯಲ್ಲಿ ನನ್ನ ವರ್ಗದ ಹುಡುಗಿಯರು ಕೊಡ ಹಿಡಿದು ನಿಂತಿರುತ್ತಾರೆ. ಒಮ್ಮೆ ಅವರ ಕಿವಿಗೆ ಬಿದ್ದರೆ ಶಾಲೆ ಮುಗಿಯುವ ತನಕ, ಲಗ್ನವಾಗಿ ಹೋಗುವ ತನಕ, ಹೋದ ಮೇಲೂ, ನಾನು ಅದೇ. ಅಪ್ಪನ ಹತ್ತಿರ ಹೋದೆ. ಇವರು ತಡೆಯುತ್ತಾರೆ ಎಂದು ನನಗೆ ಖಾತ್ರಿಯಿತ್ತು, ಪಾಠದಲ್ಲಿ ಮೂಢನಂಬಿಕೆಗೆ ಅವರು ಬೈಯುತ್ತಿದ್ದ ರೀತಿ ಹಾಗಿತ್ತು. ಅಪ್ಪ ಪರೀಕ್ಷೆಯ ಹಾಳೆ ತಿದ್ದುತ್ತಿದ್ದರು. ತಲೆಯೆತ್ತಲಿಲ್ಲ.

“ನನ್ನ ಮುಂದ ಏನೂ ಹೇಳಬ್ಯಾಡ. ನಾ ಏನೂ ಕೇಳಿಲ್ಲ,” ಎಂದರು.

ನೀರಿನ ದಿನ ಬೆಳಿಗ್ಗೆಯೂ ತುಂತುರು ಇತ್ತು. ಅವ್ವ ನನ್ನ ಜಡೆ ಬಿಚ್ಚಿ, ಹಳೆಯ ಪರಕಾರ ಉಡಿಸಿ ಕರೆದೊಯ್ದಳು. ಕೊಡಗಳು ಕರಡಿಯ ಮುಂದಿನಿಂದ ಮೂಲೆ ತಿರುಗಿ ಮಠದ ಗೋಡೆಯ ತನಕ ಸಾಲಾಗಿದ್ದವು. ನೀರು ಬಂದ ಸುದ್ದಿ ಕೂಗಿನಲ್ಲೇ ಹರಿಯಿತು, ನೀರು ಬಂದಾವು, ನೀರು ಬಂದಾವು. ಕೊಳವೆ ಮೊದಲು ಗಾಳಿ ಉಗುಳಿ, ಕೆಮ್ಮಿ, ತುಕ್ಕಿನ ಬಣ್ಣದ ನೀರು ಕಕ್ಕಿ, ಆಮೇಲೆ ಹರಿಯತೊಡಗಿತು. ಪಾರವ್ವ ತನ್ನ ತಾಮ್ರದ ಕೊಡವನ್ನೇ ಮೊದಲು ಅದರ ಬಾಯಿಗೆ ಇಟ್ಟು, ನನ್ನನ್ನು ಕಂಕುಳಕ್ಕೆ ಕೈಹಾಕಿ ಎತ್ತಿ ಕೂರಿಸಿದಳು. ಕೆಳಗೆ ಆ ಗೀರುಗಳ ತುಂಬ ಎಣ್ಣೆ, ಕುಂಕುಮ, ಧೂಳು ಸೇರಿ ಜಿಡ್ಡುಗಟ್ಟಿತ್ತು, ತೊಡೆಗೆ ಅಂಟಿತು. ಹಿಂದಕ್ಕೆ, ಅಂದರೆ ಕರಡಿಯ ತಲೆಯ ಕಡೆಗೆ ಜಾರದ ಹಾಗೆ ಬಾಲವನ್ನು ಹಿಡಿದುಕೊಂಡೆ. ಮೂರು ಬೊಗಸೆ ನೀರು ತಲೆಯ ಮೇಲೆ ಬಿತ್ತು. ಅಕ್ಕ ನಮ್ಮ ಮನೆಯ ಕೊಡದ ಹತ್ತಿರ ನಿಂತು ಬೇರೆ ಕಡೆ ನೋಡುತ್ತಿದ್ದಳು.

ನನ್ನ ಬಾಯಿ ತೆರೆಯಲಿಲ್ಲ. ಪಾರವ್ವನ ಕೊಡ ತುಂಬುತ್ತ ಬಂತು. ನಾನು ಹೇಳಿ ಮುಗಿಯುವ ತನಕ ಅದನ್ನು ತೆಗೆಯುವಂತಿಲ್ಲ, ಹಿಂದಿನವರು ಇಡುವಂತಿಲ್ಲ. ಪಾಳಿಯಲ್ಲಿ ಗೊಣಗು ಶುರುವಾಯಿತು. ಇವಳೊಬ್ಬಳ ಸಲುವಾಗಿ ಓಣಿ ಒಣಗಬೇಕೇನು ಎಂದಿತು ಒಂದು ದನಿ. ಇನ್ನೊಬ್ಬಳು ಮೆತ್ತಗೆ ಹೇಳಿದಳು, “ಜಲ್ದಿ ಹೇಳಿಬಿಡ ತಂಗಿ, ನೀರು ನಿಂತ ಹೊಕ್ಕಾವು.”

ಒಂದು ಸಲ ಹೇಳಿದೆ. ಕೇಳಿಸಲಿಲ್ಲ ಎಂದರು. ಮತ್ತೊಂದು ಸಲ ಹೇಳಿದೆ, ಕೇಳಿಸಿತು. ಯಾರೋ ಹುಡುಗಿ ಒಂದು ಸದ್ದು ಮಾಡಿದಳು, ನಗುವಿನ ಮೊದಲ ತುಂಡು. ಮೂರನೆಯ ಸಲ ನಾನು ಬಾಯಿಂದ ಹೇಳಲಿಲ್ಲ. ತೊಡೆಯ ಸಂದಿಯಲ್ಲಿ ಬೆಚ್ಚಗಾಯಿತು. ಅದು ಪರಕಾರ ದಾಟಿ, ಈರಪ್ಪ ಎಳೆದ ಗೀರುಗಳನ್ನು ಹಿಡಿದು, ಹೆಗಲಿನಿಂದ ಕತ್ತಿಗೆ, ಕತ್ತಿನಿಂದ ಕಿವಿಯ ಪಕ್ಕಕ್ಕೆ, ಅಲ್ಲಿಂದ ಗದ್ದಕ್ಕೆ ಇಳಿದು, ಹಳದಿ ದಾರದ ಹಾಗೆ ನಳದ ನೀರಿನ ಜೊತೆ ಸೇರಿ ಪಾರವ್ವನ ಕೊಡದೊಳಗೆ ಬಿತ್ತು.

ಇಲ್ಲಿ ನಿಲ್ಲಬೇಕು. ನಾನು ಬಾಲದ ಕಡೆ ಮುಖ ಮಾಡಿ ಕುಳಿತಿದ್ದೆ. ಗದ್ದದಿಂದ ಬಿದ್ದದ್ದನ್ನು ನಾನು ನೋಡಿರಲು ಸಾಧ್ಯವೇ ಇಲ್ಲ. ಹಳದಿ ದಾರ ಎಂಬುದನ್ನು ನಾನು ಯಾವಾಗ ಕಟ್ಟಿಕೊಂಡೆನೋ ಗೊತ್ತಿಲ್ಲ. ಅಕ್ಕನನ್ನು ಕೇಳಿದರೆ ಅಂಥದ್ದೇನೂ ಆಗಿಲ್ಲ, ಬೆನ್ನ ಮೇಲೆ ನಿಂತ ಮಳೆನೀರು ಇಳಿಯಿತು, ನೀನು ಅತ್ತೆ, ಅಷ್ಟೇ ಎನ್ನುತ್ತಾಳೆ. ಅವಳೂ ಬೇರೆ ಕಡೆ ನೋಡುತ್ತಿದ್ದವಳು. ಆದರೆ ನನ್ನನ್ನು ಕೆಳಗಿಳಿಸಿದ ಮೇಲೆ ನಾನು ಕಣ್ಣಾರೆ ಕಂಡದ್ದು ಒಂದಿದೆ. ಪಾಳಿಯಲ್ಲಿ ಎರಡನೆಯವಳು ಪಾರವ್ವನ ಕೊಡದೊಳಗೆ ಇಣುಕಿದಳು, ಕರಡಿಯ ಗದ್ದ ನೋಡಿದಳು, ನನ್ನ ಪರಕಾರ ನೋಡಿದಳು, ಸೆರಗನ್ನು ಮೂಗಿಗೆ ಒತ್ತಿಕೊಂಡಳು. ಮಳೆನೀರಿಗೆ ಯಾರೂ ಮೂಗು ಮುಚ್ಚಿಕೊಳ್ಳುವುದಿಲ್ಲ.

ನಳ ಬೀಳುತ್ತಲೇ ಇತ್ತು. ಇನ್ನು ಎಷ್ಟು ಹೊತ್ತು ಬೀಳುತ್ತದೆ ಎಂದು ಯಾರಿಗೂ ತಿಳಿಯದು, ಒಂದೊಂದು ಸಲ ಅರ್ಧ ತಾಸಿಗೇ ನಿಂತುಬಿಡುತ್ತಿತ್ತು. ಕೊಡ ಚೆಲ್ಲಿ, ನಳ ತೊಳೆದು, ಮತ್ತೆ ಹಿಡಿಯುವುದಕ್ಕೆ ಹೊತ್ತಿಲ್ಲ. ಇಡೀ ಓಣಿ ಪಾರವ್ವನ ಮುಖ ನೋಡಿತು.

“ನೋಡ್ರಿ, ಕರಡೆಪ್ಪ ಕಸಗೊಂಡ. ಇನ್ನ ಅಕಿ ಹಾಸಿಗ್ಯಾಗ ಏನೂ ಉಳಿದಿಲ್ಲ,” ಎಂದಳು ಪಾರವ್ವ. “ಪಾಳಿ ಬಿಡಬ್ಯಾಡ್ರಿ.”

ತುಂಬಿದ ಕೊಡವನ್ನು ಎತ್ತಿ ಸೊಂಟಕ್ಕೇರಿಸಿಕೊಂಡು ಮನೆಗೆ ನಡೆದಳು. ಚೆಲ್ಲಲಿಲ್ಲ. ಮೂಗು ಮುಚ್ಚಿಕೊಂಡಿದ್ದವಳು ಸೆರಗು ಬಿಟ್ಟು, ‘ಶಿವಾ’ ಎಂದು, ತನ್ನ ಕೊಡ ಇಟ್ಟಳು. ಮೂರನೆಯದು ನಮ್ಮದು. ಅವ್ವ ಇಟ್ಟಳು. ನಾನು ಅವಳ ಕೈಯನ್ನೇ ನೋಡುತ್ತಿದ್ದೆ, ಅದು ಕೊಡದ ಬಾಯನ್ನು ಕೊಳವೆಗೆ ಸರಿಮಾಡಿತು. ಹಿಂದಿನವರೆಲ್ಲ ಒಬ್ಬೊಬ್ಬರಾಗಿ ಇಟ್ಟರು. ಯಾರೂ ನಗಲಿಲ್ಲ, ನನ್ನ ವರ್ಗದ ಹುಡುಗಿಯರೂ.

ಮಧ್ಯಾಹ್ನ ಅಪ್ಪ ಶಾಲೆಯಿಂದ ಬಂದು, ಹೊಸ ನೀರನ್ನು ತಂಬಿಗೆಯಲ್ಲಿ ತಗೊಂಡು ಕತ್ತೆತ್ತಿ ಗಟಗಟ ಕುಡಿದರು. ಕುದಿಸಲಿಲ್ಲ, ಸೋಸಲಿಲ್ಲ. ತಂಬಿಗೆ ಕೆಳಗಿಟ್ಟು, “ಇವತ್ತಿನ ನೀರು ತಂಪದಾವು,” ಎಂದರು. ಅವರಿಗೆ ಅಷ್ಟು ಹೊತ್ತಿಗೆ ಗೊತ್ತಾಗಿತ್ತೋ ಇಲ್ಲವೋ ನಾನು ಕೇಳಲಿಲ್ಲ. ಏನೂ ಕೇಳಿಲ್ಲ ಎನ್ನುವವರನ್ನು ಏನು ಕೇಳುವುದು.

ಆ ಎಂಟು ದಿನ ನನ್ನ ಗಂಟಲಲ್ಲಿ ಏನೂ ಇಳಿಯಲಿಲ್ಲ ಎಂದು ಬರೆಯಬೇಕೆನಿಸುತ್ತದೆ, ಆದರೆ ಇಳಿಯಿತು. ಹಸಿವೆಗೆ ಹೇಸಿಗೆ ಎಷ್ಟು ದಿನ ಅಡ್ಡ ನಿಂತೀತು. 
ಅವ್ವ ಅದೇ ನೀರಿನಲ್ಲಿ ಹಿಟ್ಟು ನಾದಿ ರೊಟ್ಟಿ ಬಡಿದಳು, ಅದೇ ನೀರಿನಲ್ಲಿ ಬೇಳೆ ಬೇಯಿಸಿದಳು. ಓಣಿಯಲ್ಲಿ ನಡೆದು ಹೋಗುವಾಗ ಪ್ರತಿ ಮನೆಯಿಂದ ಚಹಾ ಕುದಿಯುವ ವಾಸನೆ ಬರುತ್ತಿತ್ತು. ಎಲ್ಲರೂ ನನ್ನನ್ನು ಕುಡಿಯುತ್ತಿದ್ದರು, ಕುಡಿದು ನನ್ನನ್ನು ನೋಡಿ ಹಲ್ಲು ಬಿಡುತ್ತಿದ್ದರು. ಪಂಚಮಿ ಬಂತು. ನಮ್ಮಲ್ಲಿ ಹಬ್ಬದ ದಿನ ಮನೆಯಿಂದ ಮನೆಗೆ ತಾಟು ಹೋಗುತ್ತದೆ, ಬರುತ್ತದೆ. ಆ ವರ್ಷ ನಾನು ಕರಡೆಪ್ಪ ಮುಟ್ಟಿದ ಹುಡುಗಿ, ಆದ್ದರಿಂದ ನನಗೆ ತಾಟು ಕಳಿಸಲಿಲ್ಲ, ನನ್ನನ್ನೇ ಕರೆದರು. ಒಂದೊಂದು ಮನೆಯಲ್ಲೂ ಒಬ್ಬ ದೊಡ್ಡವ್ವನೋ ಚಿಗವ್ವನೋ ಪಾಕದ ಉಂಡಿಯನ್ನು, ತಂಬಿಟ್ಟನ್ನು ತನ್ನ ಕೈಯಿಂದಲೇ ನನ್ನ ಬಾಯಿಗೆ ತುರುಕಿ, ತಲೆ ಸವರಿ, ತಿನ್ನವಾ ತಿನ್ನು ಎಂದಳು. ಆ ಪಾಕ ಯಾವ ನೀರಿನದು ಎಂದು ಕೊಟ್ಟವಳಿಗೂ ಗೊತ್ತು, ತಿಂದವಳಿಗೂ ಗೊತ್ತು. ನಾನು ಅಷ್ಟೂ ಮನೆಗಳಲ್ಲಿ ತಿಂದೆ. ಮಠದ ಹಿಂದಿನ ಗಟಾರದ ಹತ್ತಿರ ಹೋಗಿ ಬೆರಳು ಹಾಕಿ ಅಷ್ಟನ್ನೂ ತೆಗೆದೆ. ಎಳ್ಳು ಹಾಗೆ ಹಾಗೆಯೇ ಬಂತು.

ಅವರು ನನ್ನ ಮಾನ ಕಾಯ್ದರು ಎಂದು ಹೇಳುವವರಿದ್ದಾರೆ. ಅಂಥದ್ದು ನಡೆದದ್ದೇ ನಿಜವಾದರೆ ಎಂದು ಅಕ್ಕನೂ ಹಾಗೆಯೇ ಹೇಳುತ್ತಾಳೆ: ಯಾರೊಬ್ಬರೂ ನಿನ್ನನ್ನು ಆಡಿಕೊಳ್ಳಲಿಲ್ಲ, ಎಷ್ಟು ಒಳ್ಳೆಯ ಮಂದಿ. ಹಾಗೂ ಇರಬಹುದು. ನನಗೆ ಕಂಡದ್ದು ಇಷ್ಟು: ಅವರಿಗೆ ನೀರು ಬೇಕಿತ್ತು. ಆಡಿಕೊಂಡರೆ ತಾವು ಕುಡಿದದ್ದನ್ನು ಒಪ್ಪಿಕೊಳ್ಳಬೇಕಾಗುತ್ತಿತ್ತು.

ಮತ್ತು ನನ್ನದು ನಿಂತಿರಲಿಲ್ಲ. ಹಬ್ಬದ ಮರುದಿನ ಬೆಳಿಗ್ಗೆ ಕೌದಿ ಮತ್ತೆ ಒದ್ದೆ. ಅವ್ವ ಹೊಳ್ಳೆ ಅರಳಿಸಿ, ಸುತ್ತಿ, ಬಗಲಲ್ಲಿ ಇಟ್ಟುಕೊಂಡು, ಬಾಗಿಲ ಚಿಲಕ ಹಾಕಿದಳು.

“ಯಾರ ಮುಂದೂ ಬಾಯಿ ಬಿಡಬ್ಯಾಡ. ಮತ್ತ ಕುಂದ್ರಸ್ತಾರ.”

ಲಕ್ಷ್ಮೇಶ್ವರದಿಂದ ಅತ್ತಿ, ವಾಸಿಯಾಯಿತಂತಲ್ಲ, ಈಗಲಾದರೂ ಕಳಿಸಿ ಎಂದು ಹೇಳಿಕಳಿಸಿದಳು. ನನಗೆ ಜ್ವರ ಎಂದು ಸುಳ್ಳು ಹೋಯಿತು. ಈ ಸುಳ್ಳಿನ ಮೇಲೆ ಇನ್ನೊಂದು ಬಂತು. ನನ್ನ ಕಥೆ ಹೊಂಬಳ ದಾಟಿತು, ಮುಂಡರಗಿ ಮುಟ್ಟಿತು. ನೀರಿನ ದಿನ ನೋಡಿಕೊಂಡು ಬೇರೆ ಊರಿನವರು ಮಕ್ಕಳನ್ನು ಕರೆತರತೊಡಗಿದರು. ಪಾರವ್ವ ನಮ್ಮ ಬಾಗಿಲಿಗೆ ಬಂದು ಕರೆಯುತ್ತಿದ್ದಳು, “ಮಾಸ್ತರ ಮಗಳನ್ನ ಸ್ವಲ್ಪ ಕಳಸ್ರಿ.” ನಾನು ಹೋಗಿ ಕರಡಿಯ ಪಕ್ಕದಲ್ಲಿ ನಿಲ್ಲಬೇಕು. ನನಗೆ ಏನಾಗುತ್ತಿತ್ತು, ಎಷ್ಟು ವರ್ಷದಿಂದ, ರಾತ್ರಿಗೆ ಎಷ್ಟು ಸಲ, ಎಂದು ಅವಳು ನನ್ನ ಗಲ್ಲ ಹಿಡಿದು ಬಂದವರಿಗೆ ವಿವರಿಸುವಳು. ಮೂರು ಸಲ ಹೇಳುವುದಕ್ಕೆ ಜೀವ ಹೋಗುತ್ತದೆ ಎಂದುಕೊಂಡಿದ್ದನ್ನು ಅವಳು ನನ್ನ ಬದಲು ನೂರು ಸಲ ಹೇಳಿದಳು. ನನ್ನ ಪಾಲಿನ ಮಾತು ಕೊನೆಯ ಒಂದೇ, ಈಗ ನಿಂತಿದೆ ಎಂಬುದು.

ಶಿರಹಟ್ಟಿಯಿಂದ ಒಬ್ಬ ಹುಡುಗಿ ಬಂದಳು. ನನಗಿಂತ ಒಂದು ವರ್ಷ ಸಣ್ಣವಳಿರಬೇಕು. ಕಿವಿ ಹೊಸದಾಗಿ ಚುಚ್ಚಿಸಿ ಬೇವಿನ ಕಡ್ಡಿ ಹಾಕಿದ್ದರು, ಒಂದು ಕಿವಿ ಕೀವಾಗಿತ್ತು. ಅವಳ ತಾಯಿ ಪಾರವ್ವನ ಮಾತನ್ನೆಲ್ಲ ಕೇಳಿ, ನಂಬದೆ, ನನ್ನ ಮುಂದೆ ಕುಕ್ಕರುಗಾಲಲ್ಲಿ ಕುಳಿತಳು. ಬಸ್ಸಿನ ಧೂಳು ಅವಳ ಹುಬ್ಬಿನ ಮೇಲಿತ್ತು. ಮಗಳಿಗೆ ಲಗ್ನದ ಮಾತು ಬರುವುದರೊಳಗೆ ಹೇಗಾದರೂ ನಿಲ್ಲಬೇಕು ಎಂದಳು. ಪಾರವ್ವನಿಗೆ ಕೇಳಿಸದ ಹಾಗೆ ಕೇಳಿದಳು:

“ಖರೆ ಹೇಳ ಯವ್ವಾ. ನಿಂತೈತೇನು?”

ಒಂದು ಮಾತು ಸಾಕಿತ್ತು. ಇಲ್ಲ ಎಂದಿದ್ದರೆ ಅವಳು ಮಗಳ ಕೈ ಹಿಡಿದು ಬಸ್ ಸ್ಟ್ಯಾಂಡಿಗೆ ಹೋಗುತ್ತಿದ್ದಳು, ಆ ಹುಡುಗಿ ಆ ಜಿಡ್ಡಿನ ಮೇಲೆ ಕೂರುವುದು ತಪ್ಪುತ್ತಿತ್ತು. ಆಮೇಲೆ ನನ್ನನ್ನು ಮತ್ತೆ ಕೂರಿಸುತ್ತಿದ್ದರು.

“ಹೂಂರೀ, ನಿಂತೈತ್ರಿ,” ಎಂದೆ.

ಹುಡುಗಿಯನ್ನು ಕೂರಿಸಿದರು. ಅವಳು ಅಳಲಿಲ್ಲ. ಪಾಠ ಒಪ್ಪಿಸುವ ಹಾಗೆ ಗಟ್ಟಿಯಾಗಿ, ತೊದಲದೆ, ಮೂರೂ ಸಲ ಹೇಳಿ, ತಾನೇ ಜಾರಿ ಇಳಿದಳು. ಇಳಿಯುವಾಗ ನನ್ನ ಕಡೆ ಒಮ್ಮೆ ನೋಡಿದಳು.

ಎರಡು ನೀರಿನ ದಿನ ಕಳೆದ ಮೇಲೆ ತಾಯಿ ಮಗಳು ಕಾಯಿ ಒಡೆಸಲು ಮತ್ತೆ ಬಂದರು. ಮಗಳಿಗೆ ನಿಂತಿದೆ ಎಂದು ತಾಯಿ ಪಾರವ್ವನ ಕಾಲು ಮುಟ್ಟಿದಳು. ಪಾಳಿಯವರೆಲ್ಲ ಕರಡಿಗೆ ಕೈಮುಗಿದರು. ಆ ಗದ್ದಲದಲ್ಲಿ ಹುಡುಗಿ ಕರಡಿಯ ಹಿಂದುಗಡೆ, ನಾನು ನಿಂತಲ್ಲಿಗೆ ಬಂದಳು. ಸುತ್ತ ನೋಡಿದಳು.

“ನಿಂದು ನಿಂತೈತೇನು?”

“ಇಲ್ಲ,” ಎಂದೆ. ಯಾಕೆ ಹೇಳಿದೆನೋ ಗೊತ್ತಿಲ್ಲ.

“ನಂದೂ ಇಲ್ಲ,” ಎಂದಳು. “ಅವ್ವಗ ನಾನ ಸುಳ್ಳು ಹೇಳೀನಿ. ನೆಲಾ ಒರಸಿ, ಕೌದಿ ಮಗ್ಗಲು ಬದಲಿ ಮಾಡ್ತೀನಿ.”

ಬಾಯಿ ಮೇಲೆ ಕೈ ಇಟ್ಟುಕೊಂಡು ನಕ್ಕಳು. ನಾನೂ ನಕ್ಕೆ. ಆ ಮಳೆಗಾಲದಲ್ಲಿ ನಾನು ನಕ್ಕದ್ದು ಅದೊಂದೇ ಎಂದರೆ ಜೋಡಿಸಿ ಹೇಳಿದ ಹಾಗಾಗುತ್ತದೆ, ಬೇರೆ ಸಲವೂ ನಕ್ಕಿರಬಹುದು. ಇದು ನೆನಪಿದೆ. ಅಷ್ಟರಲ್ಲಿ ಅವಳ ತಾಯಿ ಕರೆದಳು, ತೆಂಗಿನ ಚೂರು ಅಗಿಯುತ್ತ ಅವಳು ಹೋದಳು.

ನನ್ನದು ಹನ್ನೆರಡನೆಯ ವರ್ಷದಲ್ಲಿ ತಾನಾಗಿಯೇ ನಿಂತಿತು. ಯಾವ ದಿನ ಎಂದು ಅವ್ವನೂ ಗಮನಿಸಲಿಲ್ಲ. ಎಂಬತ್ತರ ದಶಕ ಮುಗಿಯುವ ಹೊತ್ತಿಗೆ ರಸ್ತೆ ಅಗಲ ಮಾಡುವವರು ಬಂದು ಅರ್ಧ ಬೆಳಗಿನಲ್ಲಿ ಕರಡಿಯನ್ನು ಒಡೆದರು. ಒಳಗೆ ಇಟ್ಟಿಗೆ ಚೂರು, ಒಂದು ಹಳೆಯ ಬುಟ್ಟಿ, ಬಹಳಷ್ಟು ಜಿರಲೆ. ಮಂದಿ ಸಿಮೆಂಟಿನ ತುಂಡುಗಳನ್ನು ಮನೆಗೆ ಒಯ್ದು ದೇವರ ಜಗಲಿಯ ಮೇಲೆ ಇಟ್ಟುಕೊಂಡರು. ಈಗ ಓಣಿಯ ಹಳೆಯ ಮಂದಿಯ ಫೋನಿನ ಗುಂಪಿನಲ್ಲಿ ಅದರ ಫೋಟೋ ತಿಂಗಳಿಗೊಮ್ಮೆ ಬರುತ್ತದೆ. ಆ ನೀರಿನ ರುಚಿ ಈಗಿನ ಬಾಟಲಿ ನೀರಿಗೆಲ್ಲಿ ಎಂದು ಬರೆಯುತ್ತಾರೆ. ಬರೆಯುವವರಲ್ಲಿ ಅವತ್ತು ಪಾಳಿಯಲ್ಲಿ ನಿಂತಿದ್ದವರಿದ್ದಾರೆ. ಒಮ್ಮೆ ನಾನೂ ಬರೆಯಲು ಹೋಗಿ, ಅಳಿಸಿದೆ.

ಆ ಕರಡಿ ಹೋದದ್ದಕ್ಕೆ ನನಗೆ ಎಳ್ಳಷ್ಟೂ ದುಃಖವಿಲ್ಲ. ಆ ಪಾಳಿ, ಆ ತಾಟು, ಆ ಒಳ್ಳೆಯ ಮಂದಿ, ಯಾವುದಕ್ಕೂ ಇಲ್ಲ. ಶಿರಹಟ್ಟಿಯ ಆ ಹುಡುಗಿ ಮಾತ್ರ ಮತ್ತೆ ಬರಲಿಲ್ಲ. ನಾನು ಅವಳ ಹೆಸರು ಕೇಳಿರಲಿಲ್ಲ. ಆಮೇಲೆ ಬಹಳ ನೀರಿನ ದಿನ ನಾನು ಯಾರೂ ಕರೆಯದೆಯೇ ಹೋಗಿ ಕರಡಿಯ ಹಿಂದೆ ನಿಂತಿರುತ್ತಿದ್ದೆ. ನನಗೆ ಭಕ್ತಿ ಬಂದಿದೆ ಎಂದು ಪಾರವ್ವ ಎಲ್ಲರಿಗೂ ಹೇಳಿಕೊಂಡು ತಿರುಗಿದಳು.